ಗಂಟೆ ಕಡಿಮೆ ಓಡಿದ ಎಂಜಿನ್ನೇ ಬೇಕೆನ್ನುವವರಿಗೆ: ಎರಡು ಎಂಜಿನ್ನಿನ ಹಳೆಯ ವಿಮಾನ ಕೊಳ್ಳುವ ಬಗ್ಗೆ

ನೀವು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿದ್ದೀರಿ, ಇನ್‌ಸ್ಟ್ರುಮೆಂಟ್ ರೇಟಿಂಗ್ (ಮೋಡದೊಳಗೂ ಉಪಕರಣ ನೋಡಿ ಹಾರುವ ಅರ್ಹತೆ) ಮುಗಿದಿದೆ, ಸಂಸಾರವನ್ನು ಕರೆದುಕೊಂಡು ಟಾಹೋ, ಸ್ಯಾನ್ ಡಿಯೇಗೊ, ಫೀನಿಕ್ಸ್ ಕಡೆಗೆ ಹೋಗಿಬರಲು ಒಂದೂವರೆ ಲಕ್ಷ ಡಾಲರಿನೊಳಗೆ ಎರಡು ಎಂಜಿನ್ನಿನ ಹಳೆಯ ವಿಮಾನ ಬೇಕಾಗಿದೆ. ಪೈಪರ್ ಸೆನೆಕಾ-2, ಬೀಚ್ ಬ್ಯಾರನ್ ಬಿ55, ಸೆಸ್ನಾ 310ಆರ್, ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ನನ್ನ ಕಣ್ಣು ನಿಂತದ್ದು ನಿಮ್ಮ ಪ್ರಶ್ನೆಯ ಕೊನೆಯ ಸಾಲಿನ ಮೇಲೆ: ಓವರ್‌ಹಾಲ್ (ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಕಟ್ಟುವುದು) ಆದ ಮೇಲೆ 500 ಗಂಟೆಗಿಂತ ಕಡಿಮೆ ಓಡಿದ ಎಂಜಿನ್ನುಗಳಿರುವ ವಿಮಾನಗಳನ್ನು ಮಾತ್ರ ನೋಡುತ್ತಿದ್ದೇನೆ ಎಂದು ಬರೆದಿದ್ದೀರಿ. ಈ ನಿಯಮವನ್ನು ನಾನೂ ಒಮ್ಮೆ ಇಟ್ಟುಕೊಂಡಿದ್ದೆ, ಅದನ್ನು ಚಾಚೂ ತಪ್ಪದೆ ಪಾಲಿಸಿಯೇ ಕೈ ಸುಟ್ಟುಕೊಂಡೆ. ಆದ್ದರಿಂದ ಮೂರು ವಿಮಾನಗಳ ಮಾತು ಆಮೇಲೆ.

ನಾನಿರುವುದು ಸ್ಯಾಕ್ರಮೆಂಟೊ ಹತ್ತಿರ. ನಾನು ಕೊಂಡದ್ದು ಪೈಪರ್ ಆಜ್‌ಟೆಕ್. 1954ರಲ್ಲಿ ಬಂದ ಅಪಾಚೆ ಎಂಬ ಪೈಪರ್ ಕಂಪನಿಯ ಮೊದಲ ಅವಳಿ ಎಂಜಿನ್ ವಿಮಾನವನ್ನೇ ದೊಡ್ಡದು ಮಾಡಿ, 250 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನುಗಳನ್ನು ಕೂರಿಸಿದ ಯಂತ್ರ ಅದು, 1981ರವರೆಗೂ ತಯಾರಾಯಿತು. ದಪ್ಪ ರೆಕ್ಕೆ, ಆರು ಆಸನ, ವೇಗ ಅಷ್ಟಕ್ಕಷ್ಟೆ, ಹೊರುವ ಶಕ್ತಿ ಮಾತ್ರ ಅಸಾಧಾರಣ. ಊರಿನಿಂದ ಅಪ್ಪ-ಅಮ್ಮ ಬಂದಾಗ ಅವರನ್ನೂ ಅವರ ಸೂಟ್‌ಕೇಸುಗಳನ್ನೂ ಸೇರಿಸಿ ಎಲ್ಲರೂ ಒಟ್ಟಿಗೆ ಹೊರಡಬಹುದು ಎಂಬುದೇ ನನ್ನ ಲೆಕ್ಕಾಚಾರದ ಕೇಂದ್ರವಾಗಿತ್ತು. ಒಂದೇ ಎಂಜಿನ್ನಿನ ವಿಮಾನದಲ್ಲಿ ಸಿಯೆರಾ ನೆವಾಡಾ ಬೆಟ್ಟಗಳ ಮೇಲೆ ವಯಸ್ಸಾದವರನ್ನು ಕೂರಿಸಿಕೊಂಡು ಹಾರುವುದಕ್ಕೆ ಮನಸ್ಸು ಒಪ್ಪುತ್ತಿರಲಿಲ್ಲ. ನಿಮ್ಮ ಪ್ರಶ್ನೆಯಲ್ಲಿಯೂ ಇದೇ ಭಯ ಬೇರೆ ಮಾತುಗಳಲ್ಲಿ ಬಂದಿದೆ.

ಜಾಹೀರಾತಿನಲ್ಲಿ ಸಿಕ್ಕ ವಿಮಾನ ಟೆಕ್ಸಾಸಿನ ಸಮುದ್ರ ತೀರದಲ್ಲಿತ್ತು. ಎರಡೂ ಎಂಜಿನ್ನುಗಳಿಗೆ ಓವರ್‌ಹಾಲ್ ಆಗಿ ನಾನೂರು ಗಂಟೆಯೂ ಕಳೆದಿರಲಿಲ್ಲ. ಆ ಎಂಜಿನ್ನುಗಳನ್ನು ಎರಡು ಸಾವಿರ ಗಂಟೆಗೊಮ್ಮೆ ಬಿಚ್ಚಿ ಕಟ್ಟಬೇಕೆಂಬುದು ತಯಾರಕರ ಸಲಹೆ; ಹಾಗಾದರೆ ಇನ್ನೂ ಸಾವಿರದ ಆರುನೂರು ಗಂಟೆಗಳ ಆಯಸ್ಸು ಉಳಿದಿದೆ ಎಂದು ಲೆಕ್ಕ ಹಾಕಿ ಖುಷಿಪಟ್ಟೆ. ಮಾಲೀಕರು ನಿವೃತ್ತರು, ಸಜ್ಜನರು, ಕಾಗದಪತ್ರಗಳನ್ನೆಲ್ಲ ಒಪ್ಪವಾಗಿ ಇಟ್ಟಿದ್ದರು. ಆರೋಗ್ಯದ ಕಾರಣದಿಂದ ಕೆಲವು ವರ್ಷಗಳಿಂದ ಹಾರಾಟ ಕಡಿಮೆಯಾಗಿದೆ, ಆದರೂ ಹದಿನೈದು ದಿನಕ್ಕೊಮ್ಮೆ ತಪ್ಪದೆ ಎಂಜಿನ್ ಚಾಲೂ ಮಾಡಿ ಕಾಲು ಗಂಟೆ ಓಡಿಸುತ್ತೇನೆ ಎಂದು ಅಭಿಮಾನದಿಂದ ಹೇಳಿದರು. ನಾನು ಅದನ್ನು ಕಾಳಜಿಯ ಗುರುತೆಂದುಕೊಂಡೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಕೊಳ್ಳುವ ಆತುರದಲ್ಲಿರುವವರು ಈ ಭಾಗವನ್ನೇ ಬೇಗ ಬೇಗ ಓದಿಬಿಡುತ್ತಾರೆ. ಹಿಂದಿನ ತಿಂಗಳಷ್ಟೇ ವಾರ್ಷಿಕ ತಪಾಸಣೆ ಮುಗಿದಿತ್ತು. ಹನ್ನೆರಡೂ ಸಿಲಿಂಡರುಗಳ ಕಂಪ್ರೆಷನ್ ಅಂಕಿಗಳು 80ಕ್ಕೆ 74ರಿಂದ 78ರ ನಡುವೆ, ಎಂದರೆ ಚೆನ್ನಾಗಿಯೇ ಇದ್ದವು. ಅದನ್ನು ಮಾಡಿದವರು ಮಾಲೀಕರ ವಿಮಾನವನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್. ನಾನು ನನ್ನ ಕಡೆಯಿಂದ ಬೇರೊಬ್ಬ ಮೆಕ್ಯಾನಿಕನ್ನು ಗೊತ್ತುಮಾಡಿ ಫೋನಿನಲ್ಲಿ ಮಾತನಾಡಿದಾಗ, ಒಂದೊಂದು ಎಂಜಿನ್ನಿನಿಂದ ಒಂದೊಂದು ಸಿಲಿಂಡರ್ ಬಿಚ್ಚಿ ಒಳಗೆ ನೋಡಬೇಕು, ಮಾಲೀಕರನ್ನು ಒಪ್ಪಿಸಿ ಎಂದರು. ಮಾಲೀಕರು ಒಪ್ಪಲಿಲ್ಲ, ಚೆನ್ನಾಗಿ ಓಡುವ ಎಂಜಿನ್ನನ್ನು ಅಪರಿಚಿತರಿಂದ ಬಿಚ್ಚಿಸುವುದು ಯಾರಿಗೂ ಇಷ್ಟವಾಗದು, ಅದರಲ್ಲಿ ಅವರ ತಪ್ಪೇನಿಲ್ಲ. ನಾನು ಅಲ್ಲಿಗೇ ಕೈತೊಳೆದುಕೊಂಡು ಹಿಂದಿರುಗಬಹುದಿತ್ತು, ಅಥವಾ ಬೆಲೆಯಲ್ಲಿ ಎರಡು ಓವರ್‌ಹಾಲುಗಳ ಖರ್ಚು ಕಳೆದು ಕೇಳಬಹುದಿತ್ತು. ಎರಡನ್ನೂ ಮಾಡದೆ, ವಾರ್ಷಿಕ ತಪಾಸಣೆ ಈಗಷ್ಟೇ ಆಗಿದೆಯಲ್ಲ, ಮತ್ತೆ ಅದನ್ನೇ ಮಾಡಿಸಿ ದುಡ್ಡು ಏಕೆ ಕಳೆಯಲಿ ಎಂದು ನನ್ನ ಮೆಕ್ಯಾನಿಕ್ಕಿಗೆ ಲಾಗ್‌ಬುಕ್ಕುಗಳನ್ನೂ ವಿಮಾನದ ಹೊರಮೈಯನ್ನೂ ಮಾತ್ರ ನೋಡುವಂತೆ ಹೇಳಿದೆ.

ವಾರ್ಷಿಕ ತಪಾಸಣೆಯು ಉತ್ತರಿಸುವ ಪ್ರಶ್ನೆ ಒಂದೇ: ಈ ವಿಮಾನ ಈ ದಿನ ಹಾರಲು ಕಾನೂನಿನ ದೃಷ್ಟಿಯಿಂದ ಯೋಗ್ಯವೇ? ಮುಂದಿನ ಐದು ವರ್ಷ ಇದು ನನ್ನ ಜೇಬಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ ಅದರ ವ್ಯಾಪ್ತಿಗೇ ಬರುವುದಿಲ್ಲ. ಕಂಪ್ರೆಷನ್ ಪರೀಕ್ಷೆಯಾದರೂ ಪಿಸ್ಟನ್ ರಿಂಗುಗಳೂ ವಾಲ್ವುಗಳೂ ಗಾಳಿಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂದಷ್ಟೇ ಹೇಳುತ್ತದೆ. ವಾಲ್ವುಗಳನ್ನು ಎತ್ತುವ ಕ್ಯಾಮ್‌ಶಾಫ್ಟ್ ಸವೆದು ಅರ್ಧವಾಗಿದ್ದರೂ ಆ ಅಂಕಿಗಳು ಚೆನ್ನಾಗಿಯೇ ಬರುತ್ತವೆ. ಲೈಕಮಿಂಗ್ ಎಂಜಿನ್ನಿನಲ್ಲಿ ಈ ಕ್ಯಾಮ್‌ಶಾಫ್ಟ್ ಇರುವುದು ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮೇಲ್ಭಾಗದಲ್ಲಿ. ಎಂಜಿನ್ ನಿಂತ ಕೆಲವು ದಿನಗಳಲ್ಲಿ ಅದರ ಮೇಲಿನ ಆಯಿಲ್ ಕೆಳಕ್ಕೆ ಇಳಿದುಹೋಗಿ ಬರಿಯ ಉಕ್ಕು ತೇವದ ಗಾಳಿಗೆ ತೆರೆದುಕೊಳ್ಳುತ್ತದೆ. ಸಮುದ್ರ ತೀರದ ಗಾಳಿಯಲ್ಲಿ ಅದಕ್ಕೆ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಕ್ಯಾಮಿಗೂ ವಾಲ್ವಿಗೂ ನಡುವೆ ಕೂತಿರುವ ಟ್ಯಾಪೆಟ್ಟಿನ ಮುಖದ ಮೇಲೆ ತುಕ್ಕಿನಿಂದ ಸಣ್ಣ ಗುಳಿಗಳು ಬೀಳುತ್ತವೆ. ಮುಂದೆ ಎಂಜಿನ್ ನಿಯಮಿತವಾಗಿ ಓಡತೊಡಗಿದಾಗ ಆ ಗುಳಿಗಳ ಅಂಚು ಕಿತ್ತುಬಂದು ಕ್ಯಾಮಿನ ಉಬ್ಬುಗಳನ್ನು ಅರೆಯತೊಡಗುತ್ತದೆ. ಆದ್ದರಿಂದ ರೋಗ ಮೊದಲ ಮಾಲೀಕರ ಕಾಲದಲ್ಲಿ ಹಿಡಿದರೂ ಅದು ಬಯಲಾಗುವುದು ಎರಡನೆಯ ಮಾಲೀಕನ ಕೈಯಲ್ಲಿ.

ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆ ಓಡಿಸಿದ್ದು ಇದಕ್ಕೆ ಮದ್ದಾಗಲಿಲ್ಲ, ಕೆಡುಕೇ ಮಾಡಿತು. ಒಂದು ಗ್ಯಾಲನ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಗ್ಯಾಲನ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಹೊಗೆ ಕೊಳವೆಯಿಂದ ಹೊರಹೋದರೂ ಸ್ವಲ್ಪ ಭಾಗ ರಿಂಗುಗಳ ಸಂದಿಯಿಂದ ಎಂಜಿನ್ನಿನ ಹೊಟ್ಟೆಗೆ ಇಳಿದು ಆಯಿಲಿನಲ್ಲಿ ಸೇರುತ್ತದೆ. ಆಕಾಶದಲ್ಲಿ ಒಂದು ಗಂಟೆ ಹಾರಿದರೆ ಆಯಿಲ್ 80 ಡಿಗ್ರಿ ಸೆಲ್ಸಿಯಸ್ ದಾಟಿ ಆ ನೀರು ಹಾರಿಹೋಗುತ್ತದೆ. ನೆಲದ ಮೇಲೆ ನಿಂತು ನಿಧಾನವಾಗಿ ಓಡಿಸಿದಾಗ ಆಯಿಲ್ ಅಷ್ಟು ಕಾಯುವುದೇ ಇಲ್ಲ, ನೀರು ಮಾತ್ರ ಪ್ರತಿ ಸಲವೂ ಕೂಡಿಕೊಳ್ಳುತ್ತ ಹೋಗುತ್ತದೆ. ಲಾಗ್‌ಬುಕ್ಕಿನಲ್ಲಿ ಇದೆಲ್ಲ ಇತ್ತು. ಒಂದು ವಾರ್ಷಿಕ ತಪಾಸಣೆಯಿಂದ ಇನ್ನೊಂದರ ನಡುವೆ ಎಂಜಿನ್ ಓಡಿದ ಗಂಟೆಗಳನ್ನು ಎಣಿಸುವ ಟ್ಯಾಕೋಮೀಟರ್ ನಾಲ್ಕೈದು ಗಂಟೆಯಷ್ಟೇ ಮುಂದೆ ಹೋಗಿದ್ದ ವರ್ಷಗಳು ಸಾಲಾಗಿ ಇದ್ದವು. ಓವರ್‌ಹಾಲಿನ ದಿನಾಂಕ ಹದಿನೇಳು ವರ್ಷ ಹಿಂದಿನದು. ಗಂಟೆಗಳು ಮುಗಿಯದಿದ್ದರೂ ಹನ್ನೆರಡನೆಯ ವರ್ಷಕ್ಕೆ ಓವರ್‌ಹಾಲ್ ಮಾಡಬೇಕೆಂಬ ಲೈಕಮಿಂಗ್ ಕಂಪನಿಯ ಸೂಚನೆ ಖಾಸಗಿ ಹಾರಾಟಕ್ಕೆ ಕಡ್ಡಾಯವಲ್ಲ, ಆದರೆ ಅದನ್ನು ಸುಮ್ಮನೆ ಬರೆದಿಲ್ಲ. ನಾನು ಗಂಟೆಗಳ ಕಾಲಂ ಮಾತ್ರ ಓದಿದೆ. ಪಕ್ಕದ ದಿನಾಂಕದ ಕಾಲಂ ಕಣ್ಣೆದುರಿಗಿದ್ದರೂ ಓದಲಿಲ್ಲ.

ಮೊದಲ ಬೇಸಿಗೆ ಚೆನ್ನಾಗಿಯೇ ಕಳೆಯಿತು. ಎರಡನೆಯ ಬಾರಿ ಆಯಿಲ್ ಬದಲಿಸುವಾಗ ಮೆಕ್ಯಾನಿಕ್ ಬಲ ಎಂಜಿನ್ನಿನ ಫಿಲ್ಟರನ್ನು ಡಬ್ಬಿ ತೆರೆಯುವಂಥ ಕಟರಿನಿಂದ ಸುತ್ತಲೂ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಹ್ಯಾಂಗರಿನ ಬಾಗಿಲಿನ ಬಿಸಿಲಿನಲ್ಲಿ ಹಿಡಿದರು. ಮಡಿಕೆಗಳ ಸಂದಿಯಲ್ಲಿ ಸಣ್ಣ ಚಕ್ಕೆಗಳು ಮಿನುಗುತ್ತಿದ್ದವು. ಸಾಲ್ವೆಂಟಿನಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲೆ ಸುರಿದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೇಲೆ ಆಡಿಸಿದಾಗ ಬಹುಪಾಲು ಚಕ್ಕೆಗಳು ಅದಕ್ಕೆ ಹತ್ತಿಕೊಂಡವು. ಅಲ್ಯೂಮಿನಿಯಂ ಆಗಿದ್ದರೆ ಹತ್ತುತ್ತಿರಲಿಲ್ಲ. ಹತ್ತಿತೆಂದರೆ ಉಕ್ಕು, ಉಕ್ಕೆಂದರೆ ಬಹುಮಟ್ಟಿಗೆ ಕ್ಯಾಮ್ ಅಥವಾ ಟ್ಯಾಪೆಟ್ ಎಂದು ಅವರು ವಿವರಿಸಿದರು. ಎಡ ಎಂಜಿನ್ನಿನ ಫಿಲ್ಟರ್ ಶುಚಿಯಾಗಿಯೇ ಇತ್ತು. ಆದರೂ ಒಂದು ಸಿಲಿಂಡರ್ ಬಿಚ್ಚಿ ನೋಡಿದರೆ ಟ್ಯಾಪೆಟ್ಟುಗಳ ಮುಖದ ಮೇಲೆ ಅದೇ ಗುಳಿಗಳು; ಅಲ್ಲಿ ಅರೆಯುವ ಕೆಲಸ ಇನ್ನೂ ಆರಂಭವಾಗಿರಲಿಲ್ಲ, ಅಷ್ಟೆ. ಈ ಎಂಜಿನ್ನುಗಳಲ್ಲಿ ಟ್ಯಾಪೆಟ್ ಹೊರತೆಗೆಯಬೇಕಾದರೆ ಎಂಜಿನ್ನಿನ ಕವಚವಾದ ಇಡೀ ಕ್ರ್ಯಾಂಕ್‌ಕೇಸನ್ನೇ ಎರಡು ಭಾಗ ಮಾಡಬೇಕು. ಅಷ್ಟು ಬಿಚ್ಚಿದ ಮೇಲೆ ಅದು ಓವರ್‌ಹಾಲೇ ಸರಿ.

ಎರಡು ಎಂಜಿನ್ನುಗಳ ಓವರ್‌ಹಾಲಿಗೆ ವಿಮಾನಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಹೋಯಿತು. ಮೂಗಿಗಿಂತ ಮೂಗುತಿಯೇ ಭಾರವಾಯಿತು. ಪ್ರೊಪೆಲ್ಲರುಗಳಿಗೂ ಅವಧಿ ಮೀರಿದ್ದರಿಂದ ಅವನ್ನೂ ಅದೇ ಸಮಯದಲ್ಲಿ ಕಳಿಸಬೇಕಾಯಿತು. ವರ್ಕ್‌ಶಾಪಿನಲ್ಲಿ ಸರದಿ ಬರುವುದಕ್ಕೇ ತಿಂಗಳುಗಳು ಹಿಡಿದವು. ಅಷ್ಟೂ ಕಾಲ ಹ್ಯಾಂಗರ್ ಬಾಡಿಗೆ, ವಿಮೆ, ಬ್ಯಾಂಕಿನ ಕಂತು ನಿಲ್ಲಲಿಲ್ಲ. ಆ ವರ್ಷ ಅಪ್ಪ-ಅಮ್ಮ ಬಂದಾಗ ಎಲ್ಲರೂ ಕಾರಿನಲ್ಲೇ ಟಾಹೋಗೆ ಹೋಗಿಬಂದೆವು.

ಆದ್ದರಿಂದ ನಿಮ್ಮ 500 ಗಂಟೆಯ ನಿಯಮವನ್ನು ಕಿತ್ತುಹಾಕಿ ಎಂದು ಕಟುವಾಗಿಯೇ ಹೇಳುತ್ತೇನೆ. ಓವರ್‌ಹಾಲಿನ ನಂತರ 1,400 ಗಂಟೆ ಓಡಿ, ಕಳೆದ ಹಲವು ವರ್ಷ ವಾರ ವಾರವೂ ಹಾರಿ, ಒಣ ಹವೆಯ ಅರಿಜೋನಾದಲ್ಲಿ ಹ್ಯಾಂಗರಿನೊಳಗಿದ್ದ ವಿಮಾನವು ನೀವು ಹುಡುಕುತ್ತಿರುವ ಕಡಿಮೆ ಗಂಟೆಯ ವಿಮಾನಕ್ಕಿಂತ ಎಷ್ಟೋ ಮೇಲು. ಅದರ ಬೆಲೆಯಲ್ಲಿ ಮುಂದಿನ ಓವರ್‌ಹಾಲಿನ ಖರ್ಚು ಆಗಲೇ ಕಳೆದಿರುತ್ತದೆ, ಆ ಹಣವನ್ನು ಬ್ಯಾಂಕಿನಲ್ಲಿ ಇಟ್ಟುಕೊಂಡೇ ಹಾರಬಹುದು. ಕಡಿಮೆ ಗಂಟೆಯ ವಿಮಾನದಲ್ಲಾದರೋ ಆ ಹಣವನ್ನು ಮಾರುವವರಿಗೆ ಮುಂಗಡ ಕೊಟ್ಟು, ಆಮೇಲೆ ವರ್ಕ್‌ಶಾಪಿಗೆ ಇನ್ನೊಮ್ಮೆ ಕೊಡುವ ಸಂಭವವಿದೆ. ಬ್ಯಾರನ್, 310, ಸೆನೆಕಾ-2 ಈ ಮೂರರಲ್ಲೂ ಇರುವುದು ಕಾಂಟಿನೆಂಟಲ್ ಎಂಜಿನ್, ಅದರಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟಿನ ಕೆಳಗಿರುವುದರಿಂದ ಈ ತೊಂದರೆ ಕಡಿಮೆ ಎಂದು ಯಾರಾದರೂ ನಿಮಗೆ ಸಮಾಧಾನ ಹೇಳಬಹುದು. ನಿಜ, ಕಡಿಮೆ. ಆದರೆ ನಿಂತ ಎಂಜಿನ್ನಿನ ಸಿಲಿಂಡರ್ ಗೋಡೆಗಳಿಗೂ ತುಕ್ಕು ಹಿಡಿಯುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ, ಇಂಧನದ ರಬ್ಬರ್ ಚೀಲಗಳು ಬಿರುಕು ಬಿಡುತ್ತವೆ.

ಇನ್ನು ನಿಮ್ಮ ಪ್ರಶ್ನೆಯ ಬುಡದಲ್ಲಿರುವ ನಂಬಿಕೆಯ ಬಗ್ಗೆ. ಒಂದು ಎಂಜಿನ್ ಕೆಟ್ಟರೂ ಇನ್ನೊಂದು ಮನೆಗೆ ತಲುಪಿಸುತ್ತದೆ ಎಂದು ಬರೆದಿದ್ದೀರಿ. ಲೆಕ್ಕ ಹಾಕಿ ನೋಡೋಣ. ನನ್ನ ಆಜ್‌ಟೆಕ್ಕಿನಲ್ಲಿ ಒಟ್ಟು 500 ಅಶ್ವಶಕ್ತಿ. ಏರುವ ವೇಗದಲ್ಲಿ ಎತ್ತರ ಕಳೆದುಕೊಳ್ಳದೆ ಸಮತಲವಾಗಿ ಹಾರಲು ಸುಮಾರು 200 ಬೇಕೆಂದು ಇಟ್ಟುಕೊಳ್ಳಿ. ಎರಡೂ ಓಡುವಾಗ ಮೇಲೇರಲು 300 ಉಳಿಯುತ್ತದೆ. ಒಂದು ನಿಂತರೆ ಉಳಿಯುವುದು 50. ಶಕ್ತಿ ಅರ್ಧವಾದರೆ ಏರುವ ಸಾಮರ್ಥ್ಯ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅದೂ ನಿಂತ ಎಂಜಿನ್ನಿನ ಪ್ರೊಪೆಲ್ಲರನ್ನು ಫೆದರ್ ಮಾಡಿ (ಅಲಗುಗಳ ಅಂಚನ್ನು ಗಾಳಿಗೆ ತಿರುಗಿಸಿ), ಚಕ್ರ ಮೇಲೆತ್ತಿ, ವೇಗವನ್ನು ವೇಗಮಾಪಕದ ನೀಲಿ ಗೆರೆಯ ಮೇಲೆ, ಎಂದರೆ ಒಂದೇ ಎಂಜಿನ್ನಿನಲ್ಲಿ ಚೆನ್ನಾಗಿ ಏರುವ ವೇಗದಲ್ಲಿ, ನಿಲ್ಲಿಸಿದರೆ. ಆಜ್‌ಟೆಕ್ಕಿನಲ್ಲಿ ಇನ್ನೊಂದು ತಮಾಷೆ ಇದೆ: ಚಕ್ರ ಎತ್ತುವ ಹೈಡ್ರಾಲಿಕ್ ಪಂಪು ಎಡ ಎಂಜಿನ್ನಿಗೆ ಮಾತ್ರ ಇರುವ ವಿಮಾನಗಳೇ ಹೆಚ್ಚು, ನನ್ನದೂ ಅಂಥದ್ದೇ. ಎಡ ಎಂಜಿನ್ ನಿಂತರೆ ಒಂದು ಕೈಯಲ್ಲಿ ವಿಮಾನ ಹಿಡಿದು ಇನ್ನೊಂದು ಕೈಯಲ್ಲಿ ಪಂಪಿನ ಹಿಡಿಕೆ ಜಗ್ಗುತ್ತಿರಬೇಕು. 6,000 ಪೌಂಡಿಗಿಂತ ಹಗುರವಾಗಿದ್ದು ಸ್ಟಾಲ್ ವೇಗ (ಅದಕ್ಕಿಂತ ಕೆಳಗಿಳಿದರೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗ) 61 ನಾಟ್ ಮೀರದ ಹಳೆಯ ಅವಳಿ ಎಂಜಿನ್ ವಿಮಾನಗಳು ಒಂದೇ ಎಂಜಿನ್ನಿನಲ್ಲಿ ಮೇಲೇರಲೇಬೇಕೆಂದು ಅಮೆರಿಕದ ಪ್ರಮಾಣೀಕರಣ ನಿಯಮಗಳು ಕೇಳುತ್ತಿರಲಿಲ್ಲ ಎಂಬುದು ಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ.

ಈಗ ಇದನ್ನು ನೀವು ಹೋಗಬೇಕೆಂದಿರುವ ಟಾಹೋಗೆ ಅನ್ವಯಿಸಿ. ಅಲ್ಲಿನ ಟ್ರಕಿ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 5,900 ಅಡಿ ಎತ್ತರದಲ್ಲಿದೆ. ಜುಲೈ ತಿಂಗಳ ಮಧ್ಯಾಹ್ನ ಅಲ್ಲಿ 30 ಡಿಗ್ರಿ ಬಿಸಿಲಿದ್ದರೆ ಗಾಳಿಯು 9,000 ಅಡಿಯಲ್ಲಿ ಇರುವಷ್ಟು ತೆಳುವಾಗಿರುತ್ತದೆ. ತೆಳು ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕೊಡುವ ಟರ್ಬೋ ಇಲ್ಲದ ಇಂಥ ವಿಮಾನಗಳು ತುಂಬು ಭಾರದಲ್ಲಿ ಒಂದೇ ಎಂಜಿನ್ನಿನಿಂದ ನಿಮಿಷಕ್ಕೆ 50 ಅಡಿಯಾದರೂ ಏರಬಲ್ಲ ಗರಿಷ್ಠ ಎತ್ತರ ಹೆಚ್ಚಾಗಿ ನಾಲ್ಕರಿಂದ ಏಳು ಸಾವಿರ ಅಡಿಯೊಳಗೆ. ಎಂದರೆ ಟ್ರಕಿಯಲ್ಲಿ ನೆಲ ಬಿಟ್ಟ ಕೂಡಲೇ ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದು ನಿಮ್ಮನ್ನು ಮೇಲಕ್ಕೆ ಒಯ್ಯುವುದಿಲ್ಲ. ಇಳಿಯುವ ಜಾಗವನ್ನು ಸ್ವಲ್ಪ ದೂರಕ್ಕೆ ತಳ್ಳುತ್ತದೆ. ಜಕ್ಕೂರಿನಲ್ಲಿ ಹಾರಾಟ ಕಲಿತವರು 3,000 ಅಡಿಯ ನೆಲದಿಂದಲೇ ಏರಿ ಅಭ್ಯಾಸವಾದವರು, ಅವರಿಗೆ ಇದು ಬೇಗ ಅರ್ಥವಾಗುತ್ತದೆ. ಸಮುದ್ರ ಮಟ್ಟದ ಬೇ ಏರಿಯಾದಲ್ಲಿ ಕಲಿತ ನಮ್ಮಂಥವರು ಮೊದಲ ಬೇಸಿಗೆಯಲ್ಲಿ ಬೆಚ್ಚುತ್ತೇವೆ. ಆ ಗಾಬರಿಯಲ್ಲಿ ಮೂತಿಯನ್ನು ಮೇಲೆತ್ತಿ ವೇಗ ಕಳೆದುಕೊಂಡರೆ, ವೇಗಮಾಪಕದ ಕೆಂಪು ಗೆರೆಯ ಕೆಳಗೆ ರಡ್ಡರ್ (ಬಾಲದ ಚುಕ್ಕಾಣಿ) ಸೋತು ವಿಮಾನ ನಿಂತ ಎಂಜಿನ್ನಿನ ಕಡೆಗೆ ಮಗುಚಿಕೊಳ್ಳುತ್ತದೆ. ಒಂದೇ ಎಂಜಿನ್ನಿನ ವಿಮಾನದಲ್ಲಿ ಎಂಜಿನ್ ನಿಂತಾಗ ಈ ಒಂದು ಸಾವಿನ ದಾರಿ ಇರುವುದೇ ಇಲ್ಲ.

ಹಾಗಾದರೆ ಎರಡನೆಯ ಎಂಜಿನ್ನಿನಿಂದ ಏನೂ ಲಾಭವಿಲ್ಲವೇ ಎಂದರೆ, ಇದೆ. ಸಾಕಷ್ಟು ಎತ್ತರದಲ್ಲಿ ಹಾರುತ್ತಿರುವಾಗ, ರಾತ್ರಿ, ನೀರಿನ ಮೇಲೆ, ಕಣಿವೆ ಹತ್ತಿರವಿರುವಾಗ ಅದು ಕೊಡುವ ಕಾಲಾವಕಾಶ ಬಹಳ ದೊಡ್ಡದು. ಮೋಡದೊಳಗೆ ಎರಡನೆಯ ಆಲ್ಟರ್ನೇಟರ್, ಉಪಕರಣಗಳನ್ನು ನಡೆಸುವ ಎರಡನೆಯ ವ್ಯಾಕ್ಯೂಮ್ ಪಂಪ್ ನನಗೆ ಎರಡನೆಯ ಎಂಜಿನ್ನಿಗಿಂತ ಹೆಚ್ಚು ಸಲ ಉಪಕಾರ ಮಾಡಿವೆ. ಆದರೆ ಈ ಲಾಭವೆಲ್ಲ ಕೈ ಪಳಗಿದವರಿಗೆ. ವರ್ಷಕ್ಕೆ ನೂರು ಗಂಟೆ ಹಾರುವ ಖಾತರಿಯಿಲ್ಲದಿದ್ದರೆ, ಆರು ತಿಂಗಳಿಗೊಮ್ಮೆ ತರಬೇತುದಾರರ ಜೊತೆ ಕುಳಿತು ಎಂಜಿನ್ ನಿಲ್ಲಿಸಿ ಅಭ್ಯಾಸ ಮಾಡುವ ಮನಸ್ಸಿಲ್ಲದಿದ್ದರೆ, ಅವಳಿ ಎಂಜಿನ್ ವಿಮಾನ ಕೊಳ್ಳಲೇಬೇಡಿ. ಅದೇ ಹಣಕ್ಕೆ ಚೆನ್ನಾಗಿ ಹಾರಿಸಿಟ್ಟ, ಒಂದೇ ಎಂಜಿನ್ನಿನ ಬೊನಾನ್ಜಾ ಕೊಳ್ಳಿ. ಇನ್ನೂ ಸ್ವಲ್ಪ ಸೇರಿಸುವ ಶಕ್ತಿಯಿದ್ದರೆ, ಇಡೀ ವಿಮಾನವನ್ನೇ ಪ್ಯಾರಾಚೂಟಿನಲ್ಲಿ ಇಳಿಸುವ ಸಿರಸ್ ಎಸ್‌ಆರ್22 ನೋಡಿ. ನಾಲ್ಕು ಜನರ ಸಂಸಾರಕ್ಕೆ ಇದೇ ನನ್ನ ಸಲಹೆ. ನೀವು ಕೇಳಿದ ಪ್ರಶ್ನೆಗೆ ಇದು ಉತ್ತರವಲ್ಲವೆಂದು ಗೊತ್ತು.

ಅಷ್ಟಾದರೂ ಎರಡೇ ಬೇಕೆಂದರೆ, ಬೆಟ್ಟ ದಾಟುವವರಿಗೆ ಸೆನೆಕಾ-2. ಟರ್ಬೋ ಇರುವುದರಿಂದ ಒಂದೇ ಎಂಜಿನ್ನಿನಲ್ಲಿ ಅದು ಉಳಿದೆರಡಕ್ಕಿಂತ ಬಹಳ ಎತ್ತರದಲ್ಲಿ ನಿಲ್ಲಬಲ್ಲದು, ಎರಡು ಪ್ರೊಪೆಲ್ಲರುಗಳೂ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುವುದರಿಂದ ಯಾವ ಕಡೆಯದು ನಿಂತರೂ ಎಳೆತ ಒಂದೇ. ಅದರ ವೇಸ್ಟ್‌ಗೇಟ್ (ಟರ್ಬೋದ ಒತ್ತಡಕ್ಕೆ ಮಿತಿ ಹಾಕುವ ಕಿಂಡಿ) ಸ್ಥಿರವಾದದ್ದು, ತಾನಾಗಿ ಹೊಂದಿಕೊಳ್ಳುವುದಿಲ್ಲ. ಥ್ರಾಟಲನ್ನು ಕೊನೆಯವರೆಗೂ ತಳ್ಳಿದರೆ ಎಂಜಿನ್ ಓವರ್‌ಬೂಸ್ಟ್ ಆಗುತ್ತದೆ, ಎಂದರೆ ಒತ್ತಡ ಮಿತಿ ಮೀರುತ್ತದೆ, ಹಿಂದಿನ ಮಾಲೀಕರು ಎಷ್ಟು ಸಲ ಹಾಗೆ ಮಾಡಿದ್ದಾರೆಂದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಬ್ಯಾರನ್ ಬಿ55 ಮೂರರಲ್ಲಿ ಹಾರಿಸಲು ಸೊಗಸಾದದ್ದು, ಹಿಂದಿನ ಸೀಟಿನವರಿಗೆ ಇಕ್ಕಟ್ಟು. 310 ವೇಗದ ವಿಮಾನ. ಆದರೆ ರೆಕ್ಕೆತುದಿಯ ಮುಖ್ಯ ಟ್ಯಾಂಕ್, ರೆಕ್ಕೆಯೊಳಗಿನ ಹೆಚ್ಚುವರಿ ಟ್ಯಾಂಕ್ ಎಂಬ ಇಂಧನ ವ್ಯವಸ್ಥೆಯಲ್ಲಿ ಎಂಜಿನ್ ಬಳಸದೆ ಬಿಟ್ಟ ಪೆಟ್ರೋಲು ಮುಖ್ಯ ಟ್ಯಾಂಕಿಗೇ ಮರಳುವುದರಿಂದ, ಯಾವುದನ್ನು ಯಾವಾಗ ತಿರುಗಿಸಬೇಕೆಂಬುದು ಬಾಯಿಪಾಠವಾಗಿರಬೇಕು. ಮೂರರಲ್ಲೂ ಪೆಟ್ರೋಲು ಸುಟ್ಟು ಕ್ಯಾಬಿನ್ ಬೆಚ್ಚಗಿಡುವ ಹೀಟರ್ ಇರುತ್ತದೆ, ಅದರ ತಪಾಸಣೆಯ ದಾಖಲೆ ಕೇಳುವುದನ್ನು ಮರೆಯಬೇಡಿ. ವಿಮೆಯ ದರವನ್ನು ಮುಂಗಡ ಕೊಡುವುದಕ್ಕೆ ಮೊದಲೇ ಬರಹದಲ್ಲಿ ಪಡೆಯಿರಿ. ಅವಳಿ ಎಂಜಿನ್ನಿನ ಅನುಭವವಿಲ್ಲದವರನ್ನು ವಿಮೆ ಕಂಪನಿಗಳು ಮೊದಲ ವರ್ಷ ಚೆನ್ನಾಗಿಯೇ ಸುಲಿಯುತ್ತವೆ.

ಬೇ ಏರಿಯಾದವರಾದ್ದರಿಂದ ಇಂಧನದ ಮಾತೂ ಇದೆ. ಸೀಸ ಬೆರೆತ 100ಎಲ್‌ಎಲ್ ಪೆಟ್ರೋಲಿನ ಮಾರಾಟವನ್ನು ಸಾಂತಾ ಕ್ಲಾರಾ ಕೌಂಟಿಯು ರೀಡ್-ಹಿಲ್‌ವ್ಯೂ ಮತ್ತು ಸ್ಯಾನ್ ಮಾರ್ಟಿನ್ ನಿಲ್ದಾಣಗಳಲ್ಲಿ 2022ರ ಆರಂಭದಲ್ಲೇ ನಿಲ್ಲಿಸಿತು, 2031ರಿಂದ ಇಡೀ ಕ್ಯಾಲಿಫೋರ್ನಿಯಾದಲ್ಲಿ ಅದು ನಿಷಿದ್ಧ. 94 ಆಕ್ಟೇನಿನ ಸೀಸರಹಿತ ಪೆಟ್ರೋಲು ಸೆನೆಕಾ-2ರ ಟರ್ಬೋ ಎಂಜಿನ್ನಿಗಾಗಲಿ 310ಆರ್‌ನ ಹೆಚ್ಚು ಕಂಪ್ರೆಷನ್ನಿನ ಎಂಜಿನ್ನಿಗಾಗಲಿ ಸಾಲದು. ಯಾವ ನಿಲ್ದಾಣದಲ್ಲಿ ಹ್ಯಾಂಗರ್ ಸಿಗುತ್ತದೆ, ಅಲ್ಲಿ ಯಾವ ಇಂಧನ ಸಿಗುತ್ತದೆ ಎಂಬುದನ್ನು ವಿಮಾನ ಹುಡುಕುವುದಕ್ಕೆ ಮುಂಚೆ ತಿಳಿದುಕೊಳ್ಳಿ.

ಯಾವುದೇ ವಿಮಾನ ಮನಸ್ಸಿಗೆ ಬಂದರೂ ಎಂಜಿನ್ ಲಾಗ್‌ಬುಕ್ಕುಗಳ ಪ್ರತಿಯನ್ನು ಪೂರ್ತಿಯಾಗಿ ತರಿಸಿಕೊಂಡು, ಒಂದು ಹಾಳೆಯಲ್ಲಿ ಆಯಿಲ್ ಬದಲಿಸಿದ ದಿನಾಂಕವನ್ನೂ ಅದರ ಪಕ್ಕದಲ್ಲಿ ಅಂದಿನ ಟ್ಯಾಕೋಮೀಟರ್ ಅಂಕಿಯನ್ನೂ ಬರೆಯುತ್ತ ಹೋಗಿ. ವರ್ಷಕ್ಕೆ 50 ಗಂಟೆಗಿಂತ ಕಡಿಮೆ ಓಡಿದ ವರ್ಷಗಳು ಒಂದರ ಹಿಂದೊಂದು ಬಂದರೆ, ಸಿಲಿಂಡರ್ ಬಿಚ್ಚಲು ಒಪ್ಪದ ಮಾಲೀಕರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ. ನೋಂದಣಿ ಸಂಖ್ಯೆಯನ್ನು ಮರೆಮಾಡಿ ಆ ಹಾಳೆಯನ್ನು ಇಲ್ಲಿ ಹಾಕಿದರೆ ನಾನೂ ಓದಿ ನನಗೆ ಕಂಡದ್ದನ್ನು ಬರೆಯುತ್ತೇನೆ.